ಸ್ಪೀಕರ್ ಹಾಡಲಿ, ಷೋಕೇಸು ಸುಮ್ಮನಿರಲಿ

ಸ್ಪೀಕರಿನ ಕೆಲಸವೇ ಕಂಪಿಸುವುದು. ವಿದ್ಯುತ್ತಿನ ಏರಿಳಿತವನ್ನು ತೆಳುವಾದ ಕೋನಿನ ಓಲಾಟವಾಗಿಸಿ, ಆ ಓಲಾಟದಿಂದ ಗಾಳಿಯನ್ನು ತಳ್ಳಿ, ಕಿವಿಗೆ ಸದ್ದು ಮುಟ್ಟಿಸುವ ಸಾಧನ ಅದು. ಕಂಪಿಸಬೇಕಾದ್ದು ಕೋನ್ ಮಾತ್ರ. ಆದರೆ ಮನೆಯಲ್ಲಿ ಹಾಡು ಹಚ್ಚಿದಾಗ ಕೋನಿನ ಜೊತೆಗೆ ಸ್ಪೀಕರಿನ ಪೆಟ್ಟಿಗೆ, ಪೆಟ್ಟಿಗೆ ಕೂತ ಮೇಜು, ಮೇಜು ನಿಂತ ನೆಲ, ಷೋಕೇಸಿನ ಗಾಜು, ಅಡುಗೆಮನೆಯ ಸ್ಟ್ಯಾಂಡಿನಲ್ಲಿರುವ ಸ್ಟೀಲ್ ತಟ್ಟೆ ಎಲ್ಲವೂ ಅಷ್ಟಿಷ್ಟು ಅದುರುತ್ತವೆ. ಅದುರುವ ಪ್ರತಿಯೊಂದು ವಸ್ತುವೂ ತನ್ನ ಪಾಲಿನ ಸದ್ದನ್ನು ಸಂಗೀತಕ್ಕೆ ಸೇರಿಸುತ್ತದೆ. ಮೃದಂಗದ ಎಡಗೈ ಪೆಟ್ಟು ಮಸುಕಾಗುತ್ತದೆ, ಗಾಯಕರ ದನಿ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ, ಕೆಳಮನೆಯವರಿಗೆ ಹಾಡಿನ ಬದಲು ಬರೀ ‘ಧಂ ಧಂ’ ತಲುಪುತ್ತದೆ.

ಈ ಬೇಡದ ಕಂಪನವನ್ನು ತಗ್ಗಿಸುವುದು ಬಹುಮಟ್ಟಿಗೆ ಹೈಸ್ಕೂಲು ಭೌತವಿಜ್ಞಾನದ ವ್ಯಾಪ್ತಿಯಲ್ಲೇ ಇರುವ ಕೆಲಸ. ಕಂಪನ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಸಾಗುತ್ತದೆ, ಎಲ್ಲಿ ಸದ್ದಾಗಿ ಹೊರಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಪರಿಹಾರ ತಾನಾಗಿ ಗೋಚರಿಸುತ್ತದೆ. ಒಂದು ದಾರಿಗೆ ಹಾಕಿದ ತಡೆ ಇನ್ನೊಂದು ದಾರಿಗೆ ನಾಟುವುದಿಲ್ಲ. ಆದ್ದರಿಂದ ರಬ್ಬರ್ ಪ್ಯಾಡನ್ನೋ ಮುಳ್ಳಿನ ಕಾಲುಗಳನ್ನೋ ಕೊಳ್ಳುವ ಮೊದಲು ಈ ಪತ್ತೆ ನಡೆಯಬೇಕು.

ಕಂಪನದ ಮೂಲ

ಇಂದು ಮನೆಗಳಲ್ಲಿರುವ ಬಹುಪಾಲು ಸ್ಪೀಕರುಗಳ ಮೂಲ ವಿನ್ಯಾಸವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿಯೊಂದು ತೂಗಾಡುತ್ತದೆ. ಅದಕ್ಕೆ ಅಂಟಿಕೊಂಡ ಕೋನ್ ಹಿಂದೆ ಮುಂದೆ ಸರಿಯುತ್ತದೆ. ಸುರುಳಿ ಕೋನನ್ನು ಮುಂದಕ್ಕೆ ತಳ್ಳುವಾಗ ಅಷ್ಟೇ ಬಲ ಅಯಸ್ಕಾಂತವನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇಲ್ಲಿ ವಿನಾಯಿತಿಯಿಲ್ಲ. ಅಯಸ್ಕಾಂತ ಲೋಹದ ಚೌಕಟ್ಟಿಗೆ ಅಂಟಿಕೊಂಡಿದೆ, ಚೌಕಟ್ಟು ಸ್ಕ್ರೂಗಳ ಮೂಲಕ ಪೆಟ್ಟಿಗೆಗೆ ಅಂಟಿಕೊಂಡಿದೆ. ಹೀಗೆ ಕೋನಿನ ಪ್ರತಿಯೊಂದು ಚಲನೆಯೂ ಪೆಟ್ಟಿಗೆಯನ್ನು ವಿರುದ್ಧ ದಿಕ್ಕಿಗೆ ತಳ್ಳುತ್ತದೆ.

ಈ ಬಲ ಎಷ್ಟೆಂದು ಲೆಕ್ಕ ಹಾಕಬಹುದು. 8 ಇಂಚಿನ ವೂಫರ್ ಒಂದರಲ್ಲಿ ಚಲಿಸುವ ಭಾಗಗಳೆಲ್ಲ ಸೇರಿ 30 ಗ್ರಾಂ ಇವೆ, 50 ಹರ್ಟ್ಜ್ ಸ್ವರಕ್ಕೆ ಕೋನ್ ನಡುಸ್ಥಾನದಿಂದ 2 ಮಿಲಿಮೀಟರ್ ಆಚೀಚೆ ಸರಿಯುತ್ತಿದೆ ಎಂದಿಟ್ಟುಕೊಳ್ಳೋಣ. ಆಗ ಕೋನಿನ ವೇಗೋತ್ಕರ್ಷ ಗುರುತ್ವಾಕರ್ಷಣೆಯ ಸುಮಾರು 20 ಪಟ್ಟು. ಪೆಟ್ಟಿಗೆಯ ಮೇಲೆ ಬೀಳುವ ಬಲ ಸುಮಾರು 6 ನ್ಯೂಟನ್, ಅಂದರೆ 600 ಗ್ರಾಂ ತೂಕದಷ್ಟು. ಅದೂ ಸೆಕೆಂಡಿಗೆ 50 ಬಾರಿ ಹಿಂದೆ ಮುಂದೆ. ಪೆಟ್ಟಿಗೆ 10 ಕಿಲೋ ಇದ್ದು ಯಾವುದಕ್ಕೂ ಅಂಟದೆ ಸ್ವತಂತ್ರವಾಗಿದ್ದರೆ ಅದು 6 ಮೈಕ್ರೋಮೀಟರಿನಷ್ಟು ಓಲಾಡುತ್ತದೆ. ಅದು ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿನಷ್ಟೂ ಇಲ್ಲ. ಇಷ್ಟು ಸಣ್ಣ ಓಲಾಟ ತಾನಾಗಿ ಕಿವಿಗೆ ತೊಂದರೆ ಕೊಡುವುದಿಲ್ಲ. ಅದು ತನಗಿಂತ ಅಗಲವಾದ ಮೇಜಿಗೋ ಹಲಗೆಗೋ ದಾಟಿದಾಗ ತೊಂದರೆ ಶುರುವಾಗುತ್ತದೆ.

ಮಂದ್ರಕ್ಕೆ ಇಳಿದಷ್ಟೂ ಓಲಾಟ ಬೆಳೆಯುತ್ತದೆ. ಅಷ್ಟೇ ಗಟ್ಟಿಯ ಸದ್ದನ್ನು ಅರ್ಧ ಆವೃತ್ತಿಯಲ್ಲಿ ಹೊರಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಸರಿಯಬೇಕು. ಹಾಗಾಗಿ ಚಿಕ್ಕ ಸ್ಪೀಕರುಗಳಿಗೆ ಆಳವಾದ ಮಂದ್ರ ಸ್ವರಗಳನ್ನು ಕಳಿಸದಿರುವುದೇ ಕಂಪನ ತಗ್ಗಿಸುವ ಮೊದಲ ಉಪಾಯ. ಜೊತೆಗೆ ಸಬ್‌ವೂಫರ್ ಇರುವ ಮನೆಯಲ್ಲಿ ಆಂಪ್ಲಿಫೈಯರಿನ ಸೆಟ್ಟಿಂಗಿನಲ್ಲಿ ಇತರ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಕ್ರಾಸೋವರನ್ನು, ಅಂದರೆ ಯಾವ ಆವೃತ್ತಿಯ ಕೆಳಗಿನ ಸ್ವರಗಳು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಜ್‌ಗೆ ಇಟ್ಟರೆ ಅವುಗಳ ಪೆಟ್ಟಿಗೆಯ ಅದುರು ಬಹಳಷ್ಟು ಇಳಿಯುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ವಿನ್ಯಾಸಕಾರರು ಬಳಸುವ ಇನ್ನೊಂದು ಉಪಾಯ, ಬಲವನ್ನು ಬಲದಿಂದಲೇ ರದ್ದುಮಾಡುವುದು. ಎರಡು ವೂಫರುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ ಒಂದೇ ಸಂಕೇತ ಕೊಟ್ಟರೆ ಒಂದರ ತಳ್ಳು ಇನ್ನೊಂದರ ತಳ್ಳನ್ನು ಕಳೆಯುತ್ತದೆ. ಬ್ರಿಟನ್ನಿನ ಕೆಇಎಫ್ ಕಂಪನಿ 1984ರ ರೆಫರೆನ್ಸ್ 104/2 ಮಾದರಿಯಲ್ಲಿ ಎರಡು ವೂಫರುಗಳ ಬೆನ್ನುಗಳನ್ನು ಲೋಹದ ಸರಳಿನಿಂದ ಜೋಡಿಸಿತ್ತು. ಎರಡು ಬದಿಗೂ ಕೋನ್ ಇರುವ ಇಂದಿನ ಹಲವು ಸಬ್‌ವೂಫರುಗಳು ಇದೇ ತತ್ತ್ವದವು. ಅಂಥ ಸಬ್‌ವೂಫರಿನ ಮೇಲೆ ಕೈಯಿಟ್ಟರೆ, ಕೋಣೆಯೇ ಗುಡುಗುತ್ತಿರುವಾಗಲೂ ಪೆಟ್ಟಿಗೆ ಬಹುತೇಕ ನಿಶ್ಚಲವಾಗಿರುತ್ತದೆ. ಫ್ಲಾಟಿನಲ್ಲಿ ವಾಸಿಸುವವರು ಸಬ್‌ವೂಫರ್ ಆರಿಸುವಾಗ ಈ ಗುಣಕ್ಕೆ ವಾಟೇಜಿಗಿಂತ ಹೆಚ್ಚು ಬೆಲೆ ಕೊಡಬೇಕು.

ಪೆಟ್ಟಿಗೆಯ ಸ್ವಂತ ದನಿ

ವೀಣೆಯ ಕೊಡಕ್ಕೆ ಹಲಸಿನ ಮರವನ್ನು ಆರಿಸುವುದು ಅದು ತಂತಿಯ ಜೊತೆ ದನಿಗೂಡಲಿ ಎಂದು. ಸ್ಪೀಕರಿನ ಪೆಟ್ಟಿಗೆಯಿಂದ ಬಯಸುವುದು ತದ್ವಿರುದ್ಧ. ವೀಣೆಯ ಕೊಡದ ನಾದ ಧ್ವನಿಮುದ್ರಣದಲ್ಲಿ ಈಗಾಗಲೇ ಸೇರಿದೆ. ಅದರ ಮೇಲೆ ಪೆಟ್ಟಿಗೆ ತನ್ನದನ್ನೂ ಸೇರಿಸಿದರೆ ವಾದ್ಯದ ಗುರುತೇ ಕೆಡುತ್ತದೆ.

ಪೆಟ್ಟಿಗೆಯ ಪ್ರತಿಯೊಂದು ಹಲಗೆಗೂ ಕೆಲವು ಸಹಜ ಆವೃತ್ತಿಗಳಿವೆ. ಸಂಗೀತದಲ್ಲಿ ಆ ಆವೃತ್ತಿ ಬಂದಾಗ ಹಲಗೆ ಅನುರಣಿಸುತ್ತದೆ. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ 1787ರಲ್ಲಿ ಲೋಹದ ತಗಡಿನ ಮೇಲೆ ಮರಳು ಚೆಲ್ಲಿ, ಅಂಚನ್ನು ಪಿಟೀಲಿನ ಕಮಾನಿನಿಂದ ಉಜ್ಜಿ, ಕಂಪಿಸದ ರೇಖೆಗಳಲ್ಲಿ ಮರಳು ಗುಂಪುಗೂಡುವುದನ್ನು ಚಿತ್ರಿಸಿ ಪ್ರಕಟಿಸಿದ. ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಕುರಿತು ಪ್ರಕಟಿಸಿದ ಪ್ರಬಂಧದಲ್ಲೂ ಮೃದಂಗದ ಮುಚ್ಚಿಗೆಯ ಮೇಲೆ ಮರಳು ಉದುರಿಸಿ ತೆಗೆದ ಇಂಥ ಚಿತ್ರಗಳಿವೆ. ಮುಚ್ಚಿಗೆಯ ನಡುವೆ ಮೆತ್ತಿದ ಕರಣೆಯ ಭಾರ ಅದರ ಸಹಜ ಆವೃತ್ತಿಗಳನ್ನು ಸ್ಥಳಾಂತರಿಸಿ, ಅವನ್ನು ಶ್ರುತಿಯ ಸರಳ ಗುಣಕಗಳಾಗಿಸುತ್ತದೆ ಎಂದು ರಾಮನ್ ತೋರಿಸಿಕೊಟ್ಟರು. ಭಾರ, ಬಿಗಿ ಮತ್ತು ಹಂಚಿಕೆಗಳನ್ನು ಬದಲಿಸಿ ಅನುರಣನವನ್ನು ಬೇಕಾದಲ್ಲಿಗೆ ಸರಿಸಬಹುದು ಎಂಬ ಇದೇ ತಿಳಿವಳಿಕೆ ಸ್ಪೀಕರ್ ಪೆಟ್ಟಿಗೆಗೂ ಅನ್ವಯಿಸುತ್ತದೆ.

ಹಲಗೆಯ ಸದ್ದು ನಗಣ್ಯವಲ್ಲ. ಆರೂವರೆ ಇಂಚಿನ ವೂಫರಿನ ಕೋನಿಗಿಂತ, 30 ಸೆಂಟಿಮೀಟರ್ ಅಗಲ 40 ಸೆಂಟಿಮೀಟರ್ ಎತ್ತರದ ಒಂದೇ ಒಂದು ಪಕ್ಕದ ಹಲಗೆ ಸುಮಾರು 9 ಪಟ್ಟು ವಿಸ್ತಾರವಾಗಿದೆ. ಹಲಗೆ ಅತ್ಯಲ್ಪ ಅದುರಿದರೂ ವಿಸ್ತಾರದ ಬಲದಿಂದ ಕೇಳುವಷ್ಟು ಸದ್ದು ಮಾಡಬಲ್ಲದು.

ಇದನ್ನು ಹತ್ತಿಕ್ಕಲು ಎರಡು ಹಾದಿಗಳು ಬೆಳೆದುಬಂದಿವೆ. ಒಂದು, ಹಲಗೆಯನ್ನು ಬಿಗಿಗೊಳಿಸಿ ಅದರ ಸಹಜ ಆವೃತ್ತಿಯನ್ನು ಮೇಲಕ್ಕೇರಿಸುವುದು. ಹಲಗೆಯ ದಪ್ಪ ಇಮ್ಮಡಿಯಾದರೆ ಸಹಜ ಆವೃತ್ತಿ ಇಮ್ಮಡಿಯಾಗುತ್ತದೆ. ಆಧಾರಗಳ ನಡುವಿನ ಅಂತರ ಅರ್ಧವಾದರೆ ನಾಲ್ಮಡಿಯಾಗುತ್ತದೆ. ಆದ್ದರಿಂದ ದಪ್ಪ ಹೆಚ್ಚಿಸುವುದಕ್ಕಿಂತ ಪೆಟ್ಟಿಗೆಯೊಳಗೆ ಅಡ್ಡಪಟ್ಟಿಗಳನ್ನು ಕೂರಿಸುವುದು ಹೆಚ್ಚು ಲಾಭದ ಕೆಲಸ. ಬ್ರಿಟನ್ನಿನ ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ 1980ರ ದಶಕದಲ್ಲಿ ಪೆಟ್ಟಿಗೆಯೊಳಗೆಲ್ಲ ಹಲಗೆಗಳ ಜಾಲವೊಂದನ್ನು ಹೆಣೆದು ‘ಮ್ಯಾಟ್ರಿಕ್ಸ್’ ಎಂಬ ಹೆಸರಿನಲ್ಲಿ ಮಾರಿತು. ಅದೇ ದಶಕದಲ್ಲಿ ಸೆಲೆಶ್ಚನ್ ಕಂಪನಿ ತನ್ನ ಎಸ್‌ಎಲ್600 ಮಾದರಿಗೆ ಮರವನ್ನು ಬಿಟ್ಟು, ವಿಮಾನ ಉದ್ಯಮದ ಜೇನುಗೂಡು ರಚನೆಯ ಅಲ್ಯೂಮಿನಿಯಂ ಫಲಕವನ್ನು ಬಳಸಿತು.

ಇನ್ನೊಂದು ಹಾದಿ ಬಿಬಿಸಿಯದು. ಅದರ ಸಂಶೋಧನಾ ವಿಭಾಗ ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರಿನ ಪೆಟ್ಟಿಗೆಗೆ ತೆಳುವಾದ ಬರ್ಚ್ ಪ್ಲೈವುಡ್ ಬಳಸಿ, ಒಳಗೋಡೆಗೆ ಡಾಂಬರಿನ ಹಾಳೆ ಹೊದಿಸಿದ್ದರು. ತೆಳು ಹಲಗೆಯ ಅನುರಣನ ಕೆಳಗಿನ ಆವೃತ್ತಿಗೆ ಇಳಿಯುತ್ತದೆ. ಕಿವಿ ಅಲ್ಲಿ ಅಷ್ಟು ಸೂಕ್ಷ್ಮವಲ್ಲ. ಜೊತೆಗೆ ಹಲಗೆ ತೆಳುವಾದಷ್ಟೂ ಅದರ ಮೇಲಿನ ಡಾಂಬರು ಕಂಪನದ ಶಕ್ತಿಯನ್ನು ಶಾಖವಾಗಿಸಿ ಬೇಗ ಕರಗಿಸುತ್ತದೆ. ಹಾರ್ವುಡ್ ಮತ್ತು ಮ್ಯಾಥ್ಯೂಸ್ 1977ರಲ್ಲಿ ಬಿಬಿಸಿಗಾಗಿ ಬರೆದ ವರದಿ ಈ ವಿಚಾರವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಬಿಗಿ ಕಂಪನವನ್ನು ಬೇರೆಡೆಗೆ ಸರಿಸುತ್ತದೆ, ಮೆತ್ತನೆಯ ಪದರ ಅದನ್ನು ನುಂಗುತ್ತದೆ. ಇಂದಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಎರಡೂ ಸೇರಿರುತ್ತವೆ. ಎರಡು ಗಟ್ಟಿ ಹಲಗೆಗಳ ನಡುವೆ ರಬ್ಬರಿನಂಥ ಪದರ ಇಟ್ಟು ಅಂಟಿಸುವ ಕ್ರಮ ಅದಕ್ಕೊಂದು ಉದಾಹರಣೆ. ಹಲಗೆಗಳು ಬಾಗುವಾಗ ನಡುವಿನ ಪದರ ಎಳೆದಾಡಿದಂತಾಗಿ ಶಕ್ತಿಯನ್ನು ಹೀರಿಕೊಳ್ಳುತ್ತದೆ.

ಮನೆಯಲ್ಲಿರುವ ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರೆ ಅದರ ಸ್ವಭಾವ ಸ್ಥೂಲವಾಗಿ ತಿಳಿಯುತ್ತದೆ. ‘ಟಕ್’ ಎಂದು ಮೊಟಕಾಗಿ ನಿಂತರೆ ಒಳ್ಳೆಯದು. ‘ಡೊಂಯ್’ ಎಂದು ಎಳೆದರೆ ಆ ಹಲಗೆಗೆ ಆಧಾರ ಸಾಲದು. ಸ್ವಂತ ಪೆಟ್ಟಿಗೆ ಕಟ್ಟುವವರು 18 ಮಿಲಿಮೀಟರ್ ಎಂಡಿಎಫ್ ಬಳಸಿ, ಎದುರುಬದುರು ಹಲಗೆಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿ, ದೊಡ್ಡ ಹಲಗೆಗಳ ಒಳಮೈಗೆ ಕಾರಿನ ಬಾಗಿಲಿಗೆ ಹೊದಿಸುವ ಡಾಂಬರು ಅಥವಾ ಬ್ಯುಟೈಲ್ ಹಾಳೆ ಅಂಟಿಸಬಹುದು. ಪಟ್ಟಿಯನ್ನು ಸರಿಯಾಗಿ ನಡುವೆ ಕೂರಿಸದೆ ಸ್ವಲ್ಪ ಪಕ್ಕಕ್ಕೆ ಕೂರಿಸಿದರೆ ಎರಡು ಭಾಗಗಳೂ ಒಂದೇ ಆವೃತ್ತಿಗೆ ಅನುರಣಿಸುವುದು ತಪ್ಪುತ್ತದೆ. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರುಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅವುಗಳಲ್ಲಿ ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ನೆಲದ ದಾರಿ, ಗಾಳಿಯ ದಾರಿ

ಪೆಟ್ಟಿಗೆಯಿಂದ ಆಚೆಗೆ ಕಂಪನಕ್ಕೆ ಎರಡು ದಾರಿಗಳಿವೆ. ಒಂದು, ಪೆಟ್ಟಿಗೆಯ ಕಾಲಿನಿಂದ ಮೇಜು, ನೆಲ, ಗೋಡೆಗಳಿಗೆ ಘನವಸ್ತುಗಳ ಮೂಲಕವೇ ಸಾಗುವುದು. ಇನ್ನೊಂದು, ಕೋನ್ ಹೊರಡಿಸಿದ ಸದ್ದು ಗಾಳಿಯ ಮೂಲಕ ಹೋಗಿ ಗಾಜು, ಬಾಗಿಲು, ಪಾತ್ರೆಗಳನ್ನು ನೇರವಾಗಿ ಅದುರಿಸುವುದು. ಎರಡರ ಫಲವೂ ಒಂದೇ ಬಗೆಯ ಗಿಲಗಿಲ ಸದ್ದಾದ್ದರಿಂದ ಜನ ಇವನ್ನು ಬೆರೆಸಿಬಿಡುತ್ತಾರೆ. ನೆಲದ ದಾರಿಗೆ ತಯಾರಾದ ಪ್ಯಾಡನ್ನು ಗಾಳಿಯ ದಾರಿಯ ತೊಂದರೆಗೆ ಕೊಂಡು ನಿರಾಶರಾಗುವವರು ಬಹಳ.

ಯಾವ ದಾರಿ ಎಂದು ಪತ್ತೆ ಮಾಡಲು ಸುಲಭದ ಪರೀಕ್ಷೆಯೊಂದಿದೆ. ಗಿಲಗಿಲ ಹುಟ್ಟಿಸುವ ಸ್ವರವನ್ನೇ ಅದೇ ವಾಲ್ಯೂಮಿನಲ್ಲಿ ಇಟ್ಟು, ಸ್ಪೀಕರನ್ನು ಅದೇ ಜಾಗದಲ್ಲಿ ದಪ್ಪ ದಿಂಬಿನ ಮೇಲೆ ಕೂರಿಸಬೇಕು. ಗಾಳಿ ಆಡುವ ರಂಧ್ರ ಮುಚ್ಚದಂತೆ ನೋಡಿಕೊಳ್ಳಬೇಕು. ಗಿಲಗಿಲ ನಿಂತರೆ ಕಂಪನ ಮೇಜು ಅಥವಾ ನೆಲದ ದಾರಿಯಲ್ಲಿ ಬರುತ್ತಿತ್ತು ಎಂದರ್ಥ. ಹಾಗೆಯೇ ಮುಂದುವರಿದರೆ ಅದು ಗಾಳಿಯಿಂದ ಬರುತ್ತಿದೆ; ಸ್ಪೀಕರಿನ ಕೆಳಗೆ ಏನಿಟ್ಟರೂ ಪ್ರಯೋಜನವಿಲ್ಲ.

ನೆಲ ಎಂಥದು ಎಂಬುದೂ ಮುಖ್ಯ. ನಮ್ಮ ಊರುಗಳ ಆರ್‌ಸಿಸಿ ಛಾವಣಿ, ಅದರ ಮೇಲೆ ಗಾರೆ, ಟೈಲ್ಸ್ ಅಥವಾ ಗ್ರಾನೈಟ್ ಇರುವ ನೆಲ ಬಹಳ ಭಾರದ್ದು. ಶೆಲ್ಫಿನಲ್ಲಿ ಇಡುವ ಸಣ್ಣ ಸ್ಪೀಕರ್ ಅದನ್ನು ಅಷ್ಟಾಗಿ ಅಲುಗಿಸಲಾರದು. ಆದರೆ ದೊಡ್ಡ ಸಬ್‌ವೂಫರಿನ ಕಂಪನ ಕಾಂಕ್ರೀಟಿಗೆ ಇಳಿದರೆ ಅದು ಬೇಗ ಕ್ಷೀಣಿಸುವುದಿಲ್ಲ. ಕಂಬ, ತೊಲೆಗಳ ಮೂಲಕ ಮಹಡಿಗಳನ್ನು ದಾಟಬಲ್ಲದು. ಮರದ ನೆಲದ ಕಥೆ ಬೇರೆ. ಮಲೆನಾಡಿನ ಹಳೆಯ ಮನೆಗಳ ಹಲಗೆ ಹಾಸಿದ ಮಹಡಿ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮರದ ಚೌಕಟ್ಟಿನ ಮನೆಗಳ ಮೇಲಂತಸ್ತು ಹಗುರ ಮತ್ತು ಅಗಲ. ಅಲ್ಲಿ ನೆಲವೇ ದೊಡ್ಡ ಹಲಗೆಯಾಗಿ ದನಿಗೂಡುತ್ತದೆ. ಕೆಳಗೆ ಮೆತ್ತೆ ಹಾಕಿದಾಗ ಸಿಗುವ ಲಾಭ ಅಂಥ ಮನೆಗಳಲ್ಲಿ ಎದ್ದು ಕಾಣುತ್ತದೆ.

ಮುಳ್ಳೋ ಮೆತ್ತೆಯೋ

ಸ್ಪೀಕರಿನ ಕೆಳಗೆ ಇಡುವ ಸಾಮಾನುಗಳಲ್ಲಿ ಎರಡು ಬಗೆ. ಮೊನಚಾದ ಲೋಹದ ಮುಳ್ಳುಗಳು ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯಾಗಿ ಜೋಡಿಸುತ್ತವೆ. ದಪ್ಪ ಕಾರ್ಪೆಟ್ಟಿನ ಮೇಲೆ ಎತ್ತರದ ಸ್ಪೀಕರ್ ತೂಗಾಡದಂತೆ, ಮುಳ್ಳು ಕಾರ್ಪೆಟ್ಟನ್ನು ಭೇದಿಸಿ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅದು ಮುಳ್ಳಿನ ನಿಜವಾದ ಉಪಯೋಗ. ಮುಳ್ಳು ಕಂಪನವನ್ನು ನೆಲಕ್ಕೆ ಇಳಿಯದಂತೆ ತಡೆಯುತ್ತದೆ ಎಂಬ ನಂಬಿಕೆ ಸರಿಯಲ್ಲ; ಬಿಗಿಯಾದ ಜೋಡಣೆ ಕಂಪನವನ್ನು ಚೆನ್ನಾಗಿಯೇ ದಾಟಿಸುತ್ತದೆ. ಟೈಲ್ಸ್ ನೆಲದಲ್ಲಿ ಮುಳ್ಳು ಗೀರು ಮೂಡಿಸುವುದರಿಂದ ಕೆಳಗೆ ಲೋಹದ ಬಿಲ್ಲೆ ಇಡಬೇಕಾಗುತ್ತದೆ.

ಮೆತ್ತೆಯ ಬಗೆ ಇದಕ್ಕೆ ಎದುರು. ರಬ್ಬರ್, ಫೋಮ್, ಸಾರ್ಬೊಥೇನ್‌ನಂಥ ಪಾಲಿಯುರೆಥೇನ್, ಸ್ಪ್ರಿಂಗ್ ಇವು ಪೆಟ್ಟಿಗೆಯನ್ನು ನೆಲದಿಂದ ಬೇರ್ಪಡಿಸುತ್ತವೆ. ಮೇಲೆ ಭಾರ, ಕೆಳಗೆ ಸ್ಪ್ರಿಂಗ್ ಇದ್ದಾಗ ಆ ಜೋಡಿಗೆ ತನ್ನದೇ ಸಹಜ ಆವೃತ್ತಿ ಇರುತ್ತದೆ. ಅದಕ್ಕಿಂತ ಕೆಳಗಿನ ಕಂಪನ ಹಾಗೆಯೇ ದಾಟುತ್ತದೆ. ಸರಿಯಾಗಿ ಅದೇ ಆವೃತ್ತಿಯಲ್ಲಿ ಕಂಪನ ಇನ್ನೂ ಹೆಚ್ಚುತ್ತದೆ. ಅದರ 1.4 ಪಟ್ಟು ಮೀರಿದ ಮೇಲಷ್ಟೇ ತಡೆ ಆರಂಭವಾಗುತ್ತದೆ. ಎರಡು ಪಟ್ಟಿನಲ್ಲಿ ಮೂರನೆಯ ಒಂದು ಪಾಲು, ಮೂರು ಪಟ್ಟಿನಲ್ಲಿ ಎಂಟನೆಯ ಒಂದು ಪಾಲು ಕಂಪನ ಮಾತ್ರ ನೆಲ ಮುಟ್ಟುತ್ತದೆ.

ಈ ಸಹಜ ಆವೃತ್ತಿಯನ್ನು ಮನೆಯಲ್ಲೇ ಅಂದಾಜಿಸಬಹುದು. ಸ್ಪೀಕರ್ ಇಟ್ಟಾಗ ಮೆತ್ತೆ ಎಷ್ಟು ಮಿಲಿಮೀಟರ್ ಕುಸಿಯಿತು ಎಂದು ಸ್ಕೇಲಿನಲ್ಲಿ ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 16ನ್ನು ಭಾಗಿಸಿದರೆ ಉತ್ತರ ಹರ್ಟ್ಜ್‌ನಲ್ಲಿ ಸಿಗುತ್ತದೆ. ಕಾಲು ಮಿಲಿಮೀಟರ್ ಕುಸಿದರೆ 32 ಹರ್ಟ್ಜ್, 1 ಮಿಲಿಮೀಟರ್ ಕುಸಿದರೆ 16, 4 ಮಿಲಿಮೀಟರ್ ಕುಸಿದರೆ 8. ರಬ್ಬರ್ ಕಂಪಿಸುವಾಗ ನಿಂತಾಗಿಗಿಂತ ಬಿಗಿಯಾಗಿ ವರ್ತಿಸುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ತುಸು ಮೇಲಿರುತ್ತದೆ. ಸಬ್‌ವೂಫರ್ 30 ಹರ್ಟ್ಜ್‌ವರೆಗೆ ಇಳಿಯುವಂಥದ್ದಾದರೆ ಅದರ ಕೆಳಗಿನ ಮೆತ್ತೆ ಕೆಲವು ಮಿಲಿಮೀಟರುಗಳಾದರೂ ಕುಸಿಯಲೇಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಷಿಂಗ್ ಮೆಷಿನ್ ಪ್ಯಾಡುಗಳು ಸ್ಪೀಕರಿಗೆ ಹಲವು ಸಲ ಉಪಯೋಗಕ್ಕೆ ಬಾರದ ಕಾರಣ ಇಲ್ಲಿ ತಿಳಿಯುತ್ತದೆ. 60–70 ಕಿಲೋ ಯಂತ್ರದ ಭಾರಕ್ಕೆ ಎಂದು ಮಾಡಿದ ಗಡುಸು ರಬ್ಬರು 10 ಕಿಲೋ ಪೆಟ್ಟಿಗೆಯ ಕೆಳಗೆ ಕುಸಿಯುವುದೇ ಇಲ್ಲ. ಕುಸಿಯದ ಮೆತ್ತೆ ತಡೆಯೂ ಒಡ್ಡುವುದಿಲ್ಲ. ತೀರ ಮೆತ್ತಗಿನದು ಪೂರ್ತಿ ಚಪ್ಪಟೆಯಾದರೂ ಅದೇ ಗತಿ. ಭಾರಕ್ಕೆ ತಕ್ಕ ಮೆತ್ತೆ ಬೇಕು. ಸಾರ್ಬೊಥೇನಿನಂಥವು ಬೇರೆ ಬೇರೆ ಗಡಸುತನಗಳಲ್ಲಿ ಸಿಗುವುದು ಈ ಕಾರಣಕ್ಕೆ.

ಮೆತ್ತೆಯ ಮೇಲೆ ಭಾರವಾದ ಕಲ್ಲನ್ನಿಟ್ಟು ಅದರ ಮೇಲೆ ಸ್ಪೀಕರ್ ಇಡುವುದು ಹೆಚ್ಚು ಫಲಕಾರಿ. 40 ಸೆಂಟಿಮೀಟರ್ ಚೌಕದ, 18 ಮಿಲಿಮೀಟರ್ ದಪ್ಪದ ಗ್ರಾನೈಟ್ ತುಂಡು ಸುಮಾರು 8 ಕಿಲೋ ತೂಗುತ್ತದೆ. ಅಷ್ಟೇ ತೂಕದ ಸ್ಪೀಕರನ್ನು ಅದರ ಮೇಲೆ ಭದ್ರವಾಗಿ ಕೂರಿಸಿದರೆ ಒಟ್ಟು ಭಾರ ಇಮ್ಮಡಿಯಾಗಿ ಪೆಟ್ಟಿಗೆಯ ಓಲಾಟ ಅರ್ಧಕ್ಕಿಳಿಯುತ್ತದೆ, ಸಹಜ ಆವೃತ್ತಿ ಶೇ 30ರಷ್ಟು ಕೆಳಗಿಳಿಯುತ್ತದೆ, ಗುರುತ್ವಕೇಂದ್ರ ತಗ್ಗಿ ಸ್ಪೀಕರ್ ವಾಲುವ ಭಯವೂ ಕಡಿಮೆಯಾಗುತ್ತದೆ. ಅಡುಗೆಮನೆ ಕಟ್ಟೆಯ ಕೆಲಸದಲ್ಲಿ ಉಳಿಯುವ ತುಂಡುಗಳು ಗ್ರಾನೈಟ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಮೆತ್ತೆಯಿಲ್ಲದೆ ಬರೀ ಕಲ್ಲನ್ನು ನೆಲದ ಮೇಲಿಟ್ಟರೆ ಬೇರ್ಪಡಿಕೆಯ ಲಾಭ ಸಿಗದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎತ್ತರದ ಸ್ಪೀಕರನ್ನು ಮೆತ್ತಗಿನ ಸ್ಪ್ರಿಂಗಿನ ಮೇಲೆ ನಿಲ್ಲಿಸಬಾರದು.

ಮೆತ್ತೆಯನ್ನು ಪಾಲಿಶ್ ಮಾಡಿದ ಮರದ ಮೇಲೆ ನೇರವಾಗಿ ಇಡುವ ಮೊದಲು ಇನ್ನೊಂದು ಎಚ್ಚರಿಕೆ. ರಬ್ಬರು, ಸಿಲಿಕೋನುಗಳಿಂದ ಜಿನುಗುವ ಎಣ್ಣೆಯಂಶ ಪಾಲಿಶ್‌ಗೆ ಕಲೆ ಮಾಡಬಲ್ಲದು. 2018ರಲ್ಲಿ ಆ್ಯಪಲ್ ಕಂಪನಿಯ ಹೋಮ್‌ಪಾಡ್ ಸ್ಪೀಕರಿನ ಸಿಲಿಕೋನ್ ತಳ ಮರದ ಮೇಜುಗಳ ಮೇಲೆ ಬಿಳಿ ಉಂಗುರ ಮೂಡಿಸಿತ್ತು. ನಡುವೆ ತೆಳು ಗಾಜಿನ ಅಥವಾ ಕಲ್ಲಿನ ತುಂಡಿದ್ದರೆ ಈ ತೊಂದರೆಯಿಲ್ಲ.

ಟಿವಿ ಯೂನಿಟ್, ಸ್ಟ್ಯಾಂಡ್, ಗೋಡೆ

ಕಂಪಿಸುವ ಶ್ರುತಿಕವೆಯನ್ನು ಕೈಯಲ್ಲಿ ಹಿಡಿದರೆ ಅದರ ದನಿ ಕ್ಷೀಣ. ಅದರ ಬುಡವನ್ನು ಮೇಜಿಗೆ ಒತ್ತಿದರೆ ಕೋಣೆಗೆಲ್ಲ ಕೇಳುತ್ತದೆ. ಪ್ಲೈವುಡ್ಡಿನ ಟಿವಿ ಯೂನಿಟ್ ಮೇಲಿಟ್ಟ ಸ್ಪೀಕರಿಗೆ ಆಗುವುದೂ ಇದೇ. ಒಳಗೆ ಟೊಳ್ಳಾಗಿ, ಮೇಲೆ ಅಗಲವಾಗಿ ಇರುವ ಆ ಪೀಠೋಪಕರಣ ಸ್ಪೀಕರಿನ ಸೂಕ್ಷ್ಮ ಓಲಾಟವನ್ನು ದೊಡ್ಡದು ಮಾಡಿ ಹೊರಹಾಕುತ್ತದೆ. ಮನೆಯಲ್ಲಿ ಮೆತ್ತೆಯಿಂದ ಅತಿ ಹೆಚ್ಚು ಸುಧಾರಣೆ ಕಾಣುವ ಜಾಗ ಇದೇ. ಗೋಡೆಗೆ ಹುದುಗಿಸಿದ ಕಡಪ ಕಲ್ಲಿನ ಶೆಲ್ಫು ಪ್ಲೈವುಡ್ಡಿಗಿಂತ ಭಾರ ಮತ್ತು ಬಿಗಿ. ಅದರ ಮೇಲೆ ತೊಂದರೆ ಕಡಿಮೆ. ಆದರೆ ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಉದ್ದನೆಯ ಕಲ್ಲಿನ ನಡುಭಾಗ ಅನುರಣಿಸಬಲ್ಲದು; ಸ್ಪೀಕರನ್ನು ಆಧಾರದ ಹತ್ತಿರಕ್ಕೆ ಸರಿಸುವುದು ಮೇಲು.

ಪ್ರತ್ಯೇಕ ಸ್ಟ್ಯಾಂಡ್ ಇನ್ನೂ ಒಳ್ಳೆಯದು. ಟ್ವೀಟರ್ (ತಾರ ಸ್ವರಗಳನ್ನು ಹೊರಡಿಸುವ ಚಿಕ್ಕ ಭಾಗ) ಕುಳಿತವರ ಕಿವಿಯ ಮಟ್ಟಕ್ಕೆ ಬರುವಂತೆ ಎತ್ತರವಿರಬೇಕು. ಟೊಳ್ಳು ಕಬ್ಬಿಣದ ಕೊಳವೆಯ ಸ್ಟ್ಯಾಂಡ್ ಬಡಿದಾಗ ಗಂಟೆಯಂತೆ ಸದ್ದು ಮಾಡಿದರೆ ಅದರೊಳಗೆ ಒಣಗಿಸಿ ಜರಡಿ ಹಿಡಿದ ಮರಳು ತುಂಬಬೇಕು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಕಂಪನವನ್ನು ನುಂಗುತ್ತವೆ, ಭಾರವೂ ಹೆಚ್ಚುತ್ತದೆ. ಹಸಿ ಮರಳಾದರೆ ತುಕ್ಕು ಖಚಿತ. ಸ್ಪೀಕರ್ ಮತ್ತು ಸ್ಟ್ಯಾಂಡಿನ ನಡುವೆ, ಪೋಸ್ಟರ್ ಅಂಟಿಸಲು ಬಳಸುವ ಮೆತ್ತನೆಯ ಅಂಟಿನ ಸಣ್ಣ ಉಂಡೆಗಳನ್ನು ನಾಲ್ಕು ಮೂಲೆಗಳಲ್ಲಿ ಇಟ್ಟರೆ ಪೆಟ್ಟಿಗೆ ಜಾರುವುದಿಲ್ಲ, ಕುಣಿಯುವುದಿಲ್ಲ. ಗೋಡೆಗೆ ಬ್ರಾಕೆಟ್ ಹಾಕಿ ನೇತುಹಾಕುವುದಾದರೆ ಇಟ್ಟಿಗೆಯ ಗಟ್ಟಿ ಗೋಡೆ ಆಗಬಹುದು. ಜಿಪ್ಸಂ ಪಾರ್ಟಿಷನ್ನು ಬೇಡ.

ಕೋಣೆಯ ಪಾಲು

ಗಾಳಿಯ ದಾರಿಯ ತೊಂದರೆಗೆ ಮದ್ದು ಕೋಣೆಯಲ್ಲಿದೆ. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ಪುಟಿಯುವಾಗ ಕೆಲವು ಆವೃತ್ತಿಗಳು ಸ್ಥಿರ ಅಲೆಗಳಾಗಿ ನಿಂತು ಉಬ್ಬುತ್ತವೆ. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರದ ಹಾಲಿನಲ್ಲಿ ಇವುಗಳ ಮೊದಲ ಸಾಲು ಸುಮಾರು 38, 47 ಮತ್ತು 56 ಹರ್ಟ್ಜ್‌ನಲ್ಲಿ ಬರುತ್ತದೆ. ಈ ಅಲೆಗಳ ಒತ್ತಡ ಗೋಡೆ ಮತ್ತು ಮೂಲೆಗಳಲ್ಲಿ ಗರಿಷ್ಠ. ಕಿಟಕಿ, ಬಾಗಿಲು, ಷೋಕೇಸುಗಳು ಇರುವುದೂ ಅಲ್ಲಿಯೇ. ಹಾಡಿನ ಒಂದೇ ಒಂದು ಸ್ವರಕ್ಕೆ ಗಾಜು ಗುಂಯ್‌ಗುಡುವುದು, ಉಳಿದ ಸ್ವರಗಳಿಗೆ ಸುಮ್ಮನಿರುವುದು ಸಾಮಾನ್ಯವಾಗಿ ಇದರ ಲಕ್ಷಣ.

ಸ್ಪೀಕರನ್ನು ಗೋಡೆಗೆ ಒತ್ತಿ ಇಟ್ಟರೆ ಆ ಗೋಡೆಯ ದೆಸೆಯಿಂದ ಮಂದ್ರ ಸ್ವರ 6 ಡೆಸಿಬಲ್‌ವರೆಗೆ ಏರಬಹುದು. ಮೂಲೆಯಲ್ಲಿಟ್ಟರೆ ಎರಡು ಗೋಡೆಗಳ ಪಾಲೂ ಸೇರುತ್ತದೆ. ಮೂಲೆಯಿಂದ ಒಂದೆರಡು ಅಡಿ ಈಚೆಗೆ ಎಳೆದರೆ ಸಾಕು, ಅದುರು ಗಣನೀಯವಾಗಿ ಇಳಿಯುವುದುಂಟು. ಸಬ್‌ವೂಫರಿಗೆ ಜಾಗ ಹುಡುಕಲು ಅದನ್ನು ಕೇಳುಗರ ಕುರ್ಚಿಯ ಜಾಗದಲ್ಲಿಟ್ಟು, ಮಂದ್ರ ಸ್ವರ ಹಚ್ಚಿ, ಗೋಡೆಯ ಬದಿಯಲ್ಲಿ ಬಗ್ಗಿ ನಡೆಯುತ್ತ, ಸದ್ದು ಸಮವಾಗಿ ಕೇಳುವ ಜಾಗವನ್ನು ಗುರುತಿಸುವ ಪದ್ಧತಿಯಿದೆ. ಸಬ್‌ವೂಫರನ್ನು ಅಲ್ಲಿಗೆ ಒಯ್ದಿಟ್ಟರೆ ಕುರ್ಚಿಯಲ್ಲೂ ಸದ್ದು ಹಾಗೆಯೇ ಸಮವಾಗಿ ಕೇಳುತ್ತದೆ. ಉಬ್ಬಿದ ಆವೃತ್ತಿಯನ್ನು ಈಕ್ವಲೈಸರಿನಿಂದ ಸ್ವಲ್ಪ ತಗ್ಗಿಸುವುದೂ ಸರಿಯಾದ ಕ್ರಮ. ಒಂದೆರಡು ಇಂಚು ದಪ್ಪದ ಫೋಮನ್ನು ಗೋಡೆಗೆ ಅಂಟಿಸುವುದರಿಂದ ಮಾತ್ರ ಮಂದ್ರಕ್ಕೆ ಏನೂ ಆಗದು. 50 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 7 ಮೀಟರ್. ತೆಳು ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಪಕ್ಕದ ಮನೆಯವರ ಕಿವಿ

ಗೋಡೆ ಭಾರವಾದಷ್ಟೂ, ಸದ್ದಿನ ಆವೃತ್ತಿ ಹೆಚ್ಚಿದಷ್ಟೂ ಗೋಡೆ ಸದ್ದನ್ನು ಹೆಚ್ಚು ತಡೆಯುತ್ತದೆ. ಅದರ ಅರ್ಥ, ಮಾತು ಮತ್ತು ರಾಗ ಗೋಡೆಯಲ್ಲೇ ಉಳಿದು ತಾಳದ ಗುದ್ದು ಮಾತ್ರ ಆಚೆಗೆ ದಾಟುತ್ತದೆ. ನೆರೆಯವರಿಗೆ ಹಾಡಿನ ಸುಖವಿಲ್ಲ, ಗುದ್ದಿನ ಕಿರಿಕಿರಿ ಪೂರ್ತಿ ಇದೆ.

ಶಬ್ದಮಾಲಿನ್ಯ ನಿಯಂತ್ರಣಕ್ಕೆ ಭಾರತ ಸರ್ಕಾರ 2000ದಲ್ಲಿ ತಂದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ. ಈ ಅಳತೆ ‘ಎ’ ಮಾಪಕದ್ದು. ಆ ಮಾಪಕ ಕಿವಿಯ ಸೂಕ್ಷ್ಮತೆಯನ್ನು ಅನುಸರಿಸುವುದರಿಂದ 50 ಹರ್ಟ್ಜ್‌ನಲ್ಲಿ 30 ಡೆಸಿಬಲ್ ಕಳೆದು ತೋರಿಸುತ್ತದೆ. ಅಂದರೆ ಗೋಡೆಯಾಚೆ 70 ಡೆಸಿಬಲ್ ಇರುವ ಗುದ್ದು ಮಾಪಕದಲ್ಲಿ 40 ಎಂದು ಕಾಣುತ್ತದೆ. ಆದರೂ ಅದು ಮಲಗಿದವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮೊಬೈಲ್ ಆ್ಯಪಿನ ಅಂಕಿ ತೋರಿಸಿ ನೆರೆಯವರ ದೂರನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಸಮಾಧಾನದ ಸಂಗತಿಯೂ ಒಂದಿದೆ. ಮಧ್ಯಮ ಸ್ವರಗಳಲ್ಲಿ ಸದ್ದು ಅರ್ಧಕ್ಕಿಳಿದಂತೆ ಅನಿಸಲು 10 ಡೆಸಿಬಲ್ ಇಳಿಸಬೇಕು. ಮಂದ್ರದಲ್ಲಿ 6–7 ಡೆಸಿಬಲ್ ಸಾಕು. ಸಬ್‌ವೂಫರಿನ ಗುಬಟನ್ನು ತುಸು ತಿರುಗಿಸಿದರೂ ಆಚೆಮನೆಯ ನೆಮ್ಮದಿ ಬಹಳ ಹೆಚ್ಚುತ್ತದೆ. ಕೆಳಗೆ ಸರಿಯಾದ ಮೆತ್ತೆ, ಇಬ್ಬರಿಗೂ ಸಾಮಾನ್ಯವಾದ ಗೋಡೆಯಿಂದ ದೂರದ ಜಾಗ, ಮುಚ್ಚಿದ ಕಿಟಕಿ, ಆಂಪ್ಲಿಫೈಯರಿನ ‘ನೈಟ್ ಮೋಡ್’ ಇವೆಲ್ಲ ಸೇರಿದರೆ ಫ್ಲಾಟಿನಲ್ಲೂ ಸಂಗೀತ ಕೇಳಬಹುದು. ರಾತ್ರಿ ಹೊತ್ತು ಸಬ್‌ವೂಫರನ್ನು ಆಫ್ ಮಾಡುವುದು ಎಲ್ಲಕ್ಕಿಂತ ಖಚಿತವಾದ ಉಪಾಯ.

ಟರ್ನ್‌ಟೇಬಲ್ ಇರುವ ಮನೆ

ಎಲ್‌ಪಿ ತಟ್ಟೆ ಕೇಳುವವರಿಗೆ ಕಂಪನ ಇನ್ನಷ್ಟು ಕಠಿಣ ಶತ್ರು. ತಟ್ಟೆಯ ಗೀರಿನಲ್ಲಿರುವ ಮೈಕ್ರೋಮೀಟರ್ ಪ್ರಮಾಣದ ಅಂಕುಡೊಂಕುಗಳನ್ನು ಓದುವ ಸೂಜಿ, ಸ್ಪೀಕರಿನಿಂದ ಮೇಜಿಗೆ ಬಂದ ಕಂಪನವನ್ನೂ ಸಂಗೀತವೆಂದೇ ಓದುತ್ತದೆ. ಅದು ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ ಮತ್ತೆ ಸ್ಪೀಕರಿಗೆ, ಅಲ್ಲಿಂದ ಮತ್ತೆ ಸೂಜಿಗೆ ಬರುತ್ತದೆ. ಈ ಸುತ್ತು ಬಲಗೊಂಡರೆ ಕೋಣೆ ಗುಂಯ್ಯೆಂದು ಊಳಿಡುತ್ತದೆ. ಅಷ್ಟು ಬಲವಿಲ್ಲದಾಗಲೂ ಮಂದ್ರ ಮಸುಕಾಗುತ್ತದೆ.

ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಡ್ಗರ್ ವಿಲ್ಚರ್ 1961ರಲ್ಲಿ ತಂದ ಟರ್ನ್‌ಟೇಬಲ್ಲಿನಲ್ಲಿ ತಟ್ಟೆ ಮತ್ತು ಸೂಜಿಯ ತೋಳು ಒಂದೇ ಒಳಚೌಕಟ್ಟಿನ ಮೇಲಿದ್ದು, ಆ ಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ತೇಲುತ್ತಿತ್ತು. ಎರಡೂ ಒಟ್ಟಿಗೆ ಚಲಿಸುವುದರಿಂದ ಸೂಜಿಗೆ ಕಂಪನ ತಿಳಿಯುವುದಿಲ್ಲ. ಹಲವು ಕಂಪನಿಗಳು ಆಮೇಲೆ ಈ ಕ್ರಮವನ್ನು ಅನುಸರಿಸಿದವು. ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು ಮೂರು: ಸ್ಪೀಕರ್ ಇಟ್ಟ ಮೇಜಿನ ಮೇಲೆ ಟರ್ನ್‌ಟೇಬಲ್ ಇಡಬಾರದು, ಕೋಣೆಯ ಮೂಲೆಯಲ್ಲಿ ಇಡಬಾರದು, ಮರದ ನೆಲವಾದರೆ ಗೋಡೆಗೆ ಹೊಡೆದ ಶೆಲ್ಫಿನ ಮೇಲೆ ಇಡಬೇಕು. ವಾಲ್ವ್ ಆಂಪ್ಲಿಫೈಯರಿನ ಗಾಜಿನ ವಾಲ್ವುಗಳೂ ಕಂಪನವನ್ನು ವಿದ್ಯುತ್ ಸಂಕೇತವಾಗಿಸಬಲ್ಲವು; ಅವಕ್ಕೂ ಇದೇ ನಿಯಮ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಇಂಥ ರಕ್ಷಣೆಯ ಅಗತ್ಯ ಬೀಳುವುದಿಲ್ಲ.

ಗಿಲಗಿಲ ಹುಡುಕುವ ಕ್ರಮ

ಮೊಬೈಲಿನಲ್ಲಿ ಸಿಗುವ ಟೋನ್ ಜನರೇಟರ್ ಆ್ಯಪಿನಿಂದ 30ರಿಂದ 200 ಹರ್ಟ್ಜ್‌ವರೆಗೆ ಸ್ವರವನ್ನು ನಿಧಾನವಾಗಿ ಏರಿಸುತ್ತ ಹೋದರೆ ಅದುರುವ ವಸ್ತುಗಳು ಒಂದೊಂದಾಗಿ ಸಿಕ್ಕಿಬೀಳುತ್ತವೆ. ವಾಲ್ಯೂಮ್ ಸಣ್ಣದಿರಬೇಕು, ಎಡೆಬಿಡದ ಒಂದೇ ಸ್ವರ ಜೋರಾದರೆ ಸುರುಳಿ ಸುಟ್ಟುಹೋಗಬಹುದು. ಮೊದಲು ಸ್ಪೀಕರಿನ ಮೇಲೆಯೇ ಕೈಯಾಡಿಸಿ ನೋಡಬೇಕು. ಮುಂಭಾಗದ ಜಾಲರಿ ಸಡಿಲವಾಗಿರಬಹುದು, ವೂಫರಿನ ಸ್ಕ್ರೂ ಬಿಚ್ಚಿಕೊಂಡಿರಬಹುದು, ಒಳಗಿನ ತಂತಿ ಹಲಗೆಗೆ ಬಡಿಯುತ್ತಿರಬಹುದು. ಸ್ಕ್ರೂಗಳನ್ನು ಎದುರುಬದುರು ಕ್ರಮದಲ್ಲಿ, ಮಿತವಾಗಿ ಬಿಗಿಯಬೇಕು. ಎಂಡಿಎಫ್‌ನಲ್ಲಿ ಅತಿಯಾಗಿ ತಿರುಗಿಸಿದರೆ ರಂಧ್ರವೇ ಸವೆಯುತ್ತದೆ. ಕೋನಿನ ಅಂಚಿನ ಫೋಮ್ ತೇವದ ಹವೆಯಲ್ಲಿ ಬೇಗ ಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಹಳೆಯ ಸ್ಪೀಕರಿನ ಕರಕರ ಸದ್ದಿಗೆ ಹಲವು ಸಲ ಇದೇ ಕಾರಣ. ಅಂಥದಕ್ಕೆ ಅಂಚು ಬದಲಿಸುವ ರಿಪೇರಿಯೇ ಮದ್ದು.

ಸ್ಪೀಕರ್ ಸರಿಯಿದ್ದರೆ ಆಮೇಲೆ ಕೋಣೆಯ ಸರದಿ. ಷೋಕೇಸಿನ ಜಾರುಗಾಜಿಗೆ ಫೆಲ್ಟ್ ಪಟ್ಟಿ, ಫೋಟೋ ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಫೆಲ್ಟಿನ ತುಂಡು, ಕಿಟಕಿಯ ಗಾಜಿನ ಅಂಚಿಗೆ ಸಿಲಿಕೋನ್, ಬಾಗಿಲ ಚಿಲಕಕ್ಕೆ ರಬ್ಬರ್ ಬಿಲ್ಲೆ, ಒಂದಕ್ಕೊಂದು ತಾಗುವ ಪಾತ್ರೆಗಳ ನಡುವೆ ಬಟ್ಟೆ ಹಾಕಿದರೆ ಆಯಿತು. ತಂಬೂರಿ, ವೀಣೆಗಳು ಅದೇ ಕೋಣೆಯಲ್ಲಿದ್ದರೆ ಅವುಗಳ ತಂತಿಗಳೂ ಶ್ರುತಿಗೂಡಿ ಮಿಡಿಯುತ್ತವೆ. ಗವಸು ಹೊದಿಸಿಡುವುದು ಒಳ್ಳೆಯದು.

ಕೆಲಸವನ್ನು ಖರ್ಚಿಲ್ಲದ್ದರಿಂದ ಖರ್ಚಿನತ್ತ ಸಾಗಿಸುವುದು ಜಾಣತನ. ಮೊದಲು ಕ್ರಾಸೋವರ್ ಮತ್ತು ವಾಲ್ಯೂಮ್, ಆಮೇಲೆ ಸ್ಪೀಕರಿನ ಜಾಗ, ಆಮೇಲೆ ಸಡಿಲ ವಸ್ತುಗಳ ಬಿಗಿತ, ಅದಾದ ಮೇಲೆ ಭಾರಕ್ಕೆ ತಕ್ಕ ಮೆತ್ತೆ ಮತ್ತು ಕಲ್ಲು, ಕೊನೆಯಲ್ಲಿ ಸ್ಟ್ಯಾಂಡು ಅಥವಾ ಹೊಸ ಸ್ಪೀಕರು. ಪ್ರತಿ ಹಂತದಲ್ಲೂ ಒಂದೇ ಒಂದು ಬದಲಾವಣೆ ಮಾಡಿ, ಪರಿಚಿತವಾದ ಅದೇ ಹಾಡನ್ನು ಅದೇ ವಾಲ್ಯೂಮಿನಲ್ಲಿ ಕೇಳಿದರೆ ಯಾವುದರಿಂದ ಎಷ್ಟು ಲಾಭವಾಯಿತು ಎಂದು ಸ್ಪಷ್ಟವಾಗುತ್ತದೆ. ಬಹುಪಾಲು ಮನೆಗಳಲ್ಲಿ ಮೊದಲ ಮೂರು ಹಂತಗಳೇ ಸಾಕಾಗುತ್ತವೆ.